ಹೋದ ತಿಂಗಳ ಬಿಪಿ

“ಬಿಪಿ ಎಷ್ಟಿದೆ?” ಎಂದು ಡಾಕ್ಟರು ಫೋನಿನಲ್ಲಿ ಕೇಳಿದಾಗ ದರ್ಜಿ ಹೆಂಗಸು ತಡವರಿಸಿದಳು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಬಸುರಿಯರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಲೇಬೇಕೆಂಬ ನಿಯಮ ಸಡಿಲವಾದ ಮೇಲೆ ಇದು ಅವಳ ಮೊದಲ ಫೋನ್ ತಪಾಸಣೆ. ಎರಡು ಬಸ್ಸು ಹತ್ತಿಳಿಯುವುದು ತಪ್ಪಿತಲ್ಲ ಎಂದು ಹಿಗ್ಗಿದವಳೂ ಅವಳೇ. ಆದರೆ ಮನೆಯಲ್ಲಿ ಬಿಪಿ ನೋಡುವ ಯಂತ್ರವೆಲ್ಲಿತ್ತು? ಪಕ್ಕದಲ್ಲಿದ್ದ ಅತ್ತೆ ಹೋದ ತಿಂಗಳ ಚೀಟಿ ಹುಡುಕಿ ಮುಂದೆ ಹಿಡಿದರು.

“ನೂರ ಹತ್ತು, ಎಪ್ಪತ್ತು,” ಎಂದು ಓದಿದಳು.

ಚೆನ್ನಾಗಿದೆ ಎಂದರು ಡಾಕ್ಟರು. ಅವಳು ಹೇಳಿಕೊಂಡ ತಲೆನೋವಿಗೆ ಒಂದು ಮಾತ್ರೆ ಹೇಳಿದರು. ಕಾಲು ಊದುವುದು ಈ ದಿನಗಳಲ್ಲಿ ಇದ್ದದ್ದೇ ಎಂದು ಧೈರ್ಯ ಹೇಳಿ ಫೋನಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಗುಂಡಿ ಹೊಲಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಅತ್ತೆ, ಸೂಜಿ ಎರಡೆರಡು ಕಾಣ್ತಿದೆ.”

ಅತ್ತೆ ಒಳಗಿನಿಂದ ಬಂದು ನೋಡಿದರು. ಸೊಸೆಯ ಮುಖ ಊದಿ ಕಣ್ಣುಗಳು ಸಣ್ಣಗಾಗಿದ್ದವು. ಬೆರಳಿನ ಉಂಗುರ ಚರ್ಮದೊಳಗೆ ಹೂತುಹೋಗಿತ್ತು. ಅವರ ಸ್ವಂತ ತಂಗಿ ಚೊಚ್ಚಲ ಹೆರಿಗೆಯಲ್ಲಿ ಹೀಗೆಯೇ ಊದಿಕೊಂಡು, ಫಿಟ್ಸ್ ಬಂದು ತೀರಿಹೋಗಿದ್ದಳು. ಸೊಸೆಗೆ ಅದನ್ನು ಹೇಳದೆ ಆಟೋ ಹತ್ತಿಸಿದರು. ಹಳೆಯ ಚೀಟಿ ಕೈಗೆ ಕೊಟ್ಟದ್ದು ತಾನೇ ಎಂಬುದು ದಾರಿಯುದ್ದಕ್ಕೂ ಅವರನ್ನು ಚುಚ್ಚುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸು ಬಲತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ನೋಡಿದಳು. ಮತ್ತೆ ಎಡತೋಳಿಗೆ ಸುತ್ತಿದಳು. ಅತ್ತೆ ಎಷ್ಟಿದೆಯೆಂದು ಕೇಳುವಷ್ಟರಲ್ಲಿ ಅವಳು ಸ್ಟ್ರೆಚರ್ ತರುವಂತೆ ಕೂಗಿಯಾಗಿತ್ತು.

ಮಧ್ಯಾಹ್ನದೊಳಗೆ ಆಪರೇಷನ್ ಮಾಡಿ ಮಗುವನ್ನು ಹೊರತೆಗೆದರು. ಹೆಣ್ಣು. ತಾಯಿಯೂ ಉಳಿದಳು. ಕಣ್ಣು ಮಾತ್ರ ಪೂರ್ತಿ ಮಂಜಾಗಿತ್ತು. ತಿಳಿಯಾಗಲು ಕೆಲವು ದಿನ ಬೇಕೆಂದೂ, ಅಲ್ಲಿಯತನಕ ಅವಳು ಏಳಬಾರದು, ಗಾಬರಿಯಾಗಬಾರದೆಂದೂ ನರ್ಸು ಎಚ್ಚರಿಸಿ ಹೋದಳು.

ಸಂಜೆ ಸೊಸೆ ಕೈಚಾಚಿ ಅತ್ತೆಯನ್ನು ತಡಕಿದಳು. ಮಗು ಮೇಲಿನ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿತ್ತು. ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೆಳಗಿನ ಕೌಂಟರಿನವರು ಫೋನು ಮಾಡಿ ವಿಚಾರಿಸಿ ಹೇಳಿದ್ದಷ್ಟೇ ಅತ್ತೆಗೆ ಗೊತ್ತಿತ್ತು.

“ಮಗು ಚೆನ್ನಾಗಿದೆಯಮ್ಮ. ಏನೂ ತೊಂದರೆ ಇಲ್ಲವಂತೆ,” ಎಂದರು ಅತ್ತೆ.

ಸೊಸೆಯ ಬೆರಳುಗಳು ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು.

“ನೀವು ನೋಡಿದ್ರಾ, ಅತ್ತೆ?”