ಕಚ್ಚದೆ ಸೇದಿದ ಕಳ್ಳ

“ಬಾಯಿ ತೆಗಿ,” ಎಂದ ದಂತವೈದ್ಯ.

“ಹಲ್ಲುನೋವೇ ಇಲ್ಲ ಭಾವ,” ಎಂದ ಭಾಮೈದ, ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿಕೊಂಡು.

“ತೆಗಿ ಅಂದ್ರೆ ತೆಗಿ.”

ತೆಗೆದ. ವೈದ್ಯ ದೀಪ ಬಗ್ಗಿಸಿ, ಕನ್ನಡಿ ತೂರಿಸಿ ಒಂದೊಂದೇ ಹಲ್ಲು ನೋಡಿದ. ಸ್ಪ್ಯಾನರ್ ಬಡಿದು ಮುರಿದಿದ್ದ ಮುಂದಿನ ಹಲ್ಲು ಗರಗಸದಂತಿತ್ತು. ಅದು ಏನನ್ನು ಕಚ್ಚಿದರೂ ಗುರುತು ಬೀಳಲೇಬೇಕು. ಆದರೆ ವೈದ್ಯನ ಜೇಬಿನಲ್ಲಿದ್ದ ಸಿಗಾರ್ ಮೋಟಿನ ಮೇಲೆ ಒಂದು ಗೀರೂ ಇರಲಿಲ್ಲ.

“ಕಚ್ಚದೆ ತುಟಿಯಲ್ಲೇ ಹಿಡಿಯೋದು ಯಾರು ಕಲಿಸಿದ್ರು ನಿಂಗೆ?”

ಬಾಯೊಳಗೆ ಕನ್ನಡಿ ಇದ್ದವನು ಏನು ಉತ್ತರ ಕೊಟ್ಟಾನು? ಉತ್ತರ ಬೇಡವಾಗಿದ್ದಕ್ಕೇ ಕನ್ನಡಿ ತೆಗೆಯದೆ ಕೇಳಿದ್ದು.

ಸಿಗಾರ್‌ಗಳು ಕಳುವಾಗುತ್ತಿದ್ದವು. ಬೀದಿ ಮೂಲೆಯ ಅಂಗಡಿಯವಲ್ಲ. ಹಡಗು ಹತ್ತಿ ಬಂದವು. ತಂದೆ ಬಿಟ್ಟುಹೋದ ದೇವದಾರು ಪೆಟ್ಟಿಗೆಯಲ್ಲಿ, ಹದವಾದ ತೇವದಲ್ಲಿ, ಹಸುಗೂಸುಗಳ ಹಾಗೆ ಮಲಗಿಸಿಟ್ಟವು. ಪೆಟ್ಟಿಗೆ ಇದ್ದದ್ದು ಮನೆಗೆ ಅಂಟಿಕೊಂಡ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಭಾನುವಾರ ಸಂಜೆ ಅಲ್ಲಿ ವೈದ್ಯ, ಒಬ್ಬ ವಕೀಲ, ಒಬ್ಬ ಬಿಲ್ಡರ್ ಸೇರಿ ಬಗೆಬಗೆಯವನ್ನು ಹಚ್ಚಿ ಹೋಲಿಸುವರು. ಇದರಲ್ಲಿ ಹುರಿದ ಕಾಫಿಯ ಘಮ, ಅದರಲ್ಲಿ ಹಳೇ ಚರ್ಮದ್ದು, ಕೊನೆಗೆ ಒಂಚೂರು ಮೆಣಸಿನ ಖಾರ. ಯಾರ ಬೂದಿ ಉದುರದೆ ಎಷ್ಟುದ್ದ ನಿಂತಿತು ಎಂಬುದಕ್ಕೆ ಕೋರ್ಟಿಗಿಂತ ದೊಡ್ಡ ವಾದ.

ಮನೆಯೊಳಗೆ ಮಾತ್ರ ಹೊಗೆಗೆ ಪ್ರವೇಶವಿಲ್ಲ. ವೈದ್ಯನ ತಾಯಿಯ ಆಜ್ಞೆ.

“ನಿಮ್ಮಪ್ಪನ ಹೊಗೆಯಲ್ಲಿ ಒಂದು ಆಯಸ್ಸು ಕೂತೆದ್ದಿದ್ದೀನಿ. ನಿನ್ನದೂ ಬೇರೆ ಬೇಡ.” ಆಮೇಲೆ ಎರಡನೆಯ ದೂರು: “ನೀನು ಕಟ್ಟಿದ ಹಲ್ಲು ಒತ್ತುತ್ತೆ ಕಣೋ. ಊರೋರ ಬಾಯೆಲ್ಲ ಅಳೀತೀಯ, ಹೆತ್ತೋಳ ಬಾಯಳತೆ ಗೊತ್ತಿಲ್ಲ ನಿಂಗೆ.”

ಮೋಟು ಸಿಕ್ಕಿದ್ದು ತಾರಸಿಯ ಒಣಗಿದ ಹೂಕುಂಡದಲ್ಲಿ. ತಾರಸಿಯಲ್ಲಿರುವುದು ಒಂದೇ ಕೋಣೆ. ಅದರಲ್ಲಿರುವವನು ಭಾಮೈದ. ಬೈಕ್ ರಿಪೇರಿಗೆ ಶೆಡ್ ಹಾಕಿ, ಕಾಲೂರುವ ತನಕ ಅಂತ ಅಕ್ಕನ ಮನೆಗೆ ಬಂದವನು. ಶಾಲೆ ಅರ್ಧಕ್ಕೇ ಬಿಟ್ಟವನು. ಉಗುರಲ್ಲಿ ಗ್ರೀಸ್. ಇನ್ನೇನು ಸಾಕ್ಷಿ ಬೇಕು? ಹಳೇ ಕಾರಿನ ಸೀಟು ತಂದು, ಮುದುಕಿ ಮಧ್ಯಾಹ್ನ ಮಂಡಿಗೆ ಬಿಸಿಲು ಕಾಯಿಸಲಿ ಎಂದು ತಾರಸಿಯಲ್ಲಿ ಹಾಕಿಕೊಟ್ಟಿದ್ದ. ಅದನ್ನೂ ವೈದ್ಯ “ಬೆಣ್ಣೆ ಹಚ್ತಾನೆ” ಎಂದೇ ಓದಿಕೊಂಡ.

ಆದರೂ ನ್ಯಾಯವಂತನಲ್ಲವೇ? ಒಂದು ಬೋನು ಇಟ್ಟ. ಅತ್ಯುತ್ತಮ ಸಿಗಾರಿನ ಕೊರಳಿಂದ ಬಂಗಾರ ಬಣ್ಣದ ಕಾಗದದ ಉಂಗುರ ಜಾರಿಸಿ, ಮೂಲೆಯಂಗಡಿಯ ಅಗ್ಗದ ಸಿಗಾರಿಗೆ ತೊಡಿಸಿ, ಪೆಟ್ಟಿಗೆಯ ಮೇಲ್ಸಾಲಿನಲ್ಲಿ ಮಲಗಿಸಿದ. ಹೆಂಡತಿಗೂ ಹೇಳಲಿಲ್ಲ. ರುಚಿ ಬಲ್ಲವನಾದರೆ ಎರಡು ದಮ್ಮಿಗೇ ಬಿಸಾಕುತ್ತಾನೆ, ಆಗ ಕಳ್ಳ ವಕೀಲ ಇಲ್ಲವೇ ಬಿಲ್ಡರ್. ಮೆಕ್ಯಾನಿಕ್ ಆದರೆ ಉಂಗುರ ನೋಡಿ ಬೆರಳು ಸುಡುವ ತನಕ ಸೇದುತ್ತಾನೆ.

ಮರುದಿನ ಮಧ್ಯಾಹ್ನ ಅದೂ ಹೂಕುಂಡದಲ್ಲಿತ್ತು. ತುದಿ ಮಾತ್ರ ಕಪ್ಪಾಗಿತ್ತು. ಎರಡು ದಮ್ಮು, ಅಷ್ಟೇ.

ಲೆಕ್ಕದ ಪ್ರಕಾರ ಭಾಮೈದ ಪಾರು. ಆದರೆ ಲೆಕ್ಕ ತಪ್ಪಿದಾಗ ದೊಡ್ಡಮನುಷ್ಯರು ಉತ್ತರ ಬದಲಿಸುವುದಿಲ್ಲ, ಲೆಕ್ಕವನ್ನೇ ಬದಲಿಸುತ್ತಾರೆ. ‘ಒಳ್ಳೇ ಮಾಲು ಇವನಿಗೆ ದಕ್ಕಲಿಲ್ಲ, ಉಗಿದಿದ್ದಾನೆ’ ಎಂದುಕೊಂಡ ವೈದ್ಯ. ಅಗ್ಗದ್ದನ್ನು ತಾನೇ ಇಟ್ಟದ್ದು ಕೋಪದಲ್ಲಿ ಮರೆತೇಹೋಗಿತ್ತು.

ಊಟಕ್ಕೆ ಬಂದ ಭಾಮೈದನ ಮುಂದೆ ಮೋಟನ್ನು ಟೇಬಲ್ಲಿಗೆ ಕುಕ್ಕಿದ.

“ಇವತ್ತೇ ಜಾಗ ಖಾಲಿ ಮಾಡು.”

“ರೀ, ಅವನು ಸಿಗರೇಟೂ ಮುಟ್ಟಲ್ಲ,” ಎಂದಳು ಹೆಂಡತಿ.

“ಸಿಗರೇಟು ಯಾಕೆ ಮುಟ್ತಾನೆ? ಪುಕ್ಕಟೆ ಸಿಗಾರ್ ಇರೋವಾಗ.”

“ಕದ್ದಿದ್ರೆ ಎದೆ ತಟ್ಟಿ ಹೇಳ್ತಿದ್ದೆ ಭಾವ.” ಭಾಮೈದ ತಟ್ಟೆ ಸರಿಸಿದ. “ಇಲ್ಲಿಂದ ಹೋದ್ರೆ ನಂಗೆ ಶೆಡ್ಡಿನ ನೆಲವೇ ಗತಿ. ಆದ್ರೂ ಮಾಡದ್ದನ್ನ ಒಪ್ಪಲ್ಲ.”

“ಹಾಗಾದ್ರೆ ಯಾರು? ನಿನ್ನ ಬಾಗಿಲ ಮುಂದೆ ನಡಿಯೋದು ನಿಂಗೆ ಗೊತ್ತಿರಲ್ವ? ಬಾಯಿ ತೆಗಿ.”

ತೆಗೆದ. ಟೇಬಲ್ಲಿನ ಆ ತುದಿಯ ಖಾಲಿ ಕುರ್ಚಿ ನೋಡಿದ. ಮತ್ತೆ ಮುಚ್ಚಿದ. ತಾರಸಿಗೆ ಹೋಗಿ ಬಟ್ಟೆ ಚೀಲಕ್ಕೆ ತುರುಕಿಕೊಂಡು, ಸ್ಪ್ಯಾನರ್ ಪೆಟ್ಟಿಗೆ ಎತ್ತಿಕೊಂಡು ಇಳಿದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವನ ಹಿಂದೆಯೇ ಕಂಬಿ ಹಿಡಿದುಕೊಂಡು ತಾಯಿ ಇಳಿದಳು. ಕೆನ್ನೆ ಗುಳಿಬಿದ್ದಿತ್ತು. ಹಲ್ಲಿನ ಸೆಟ್ಟು ಎಂದಿನಂತೆ ಅಡುಗೆಮನೆಯ ಲೋಟದ ನೀರಲ್ಲಿ ಮುಳುಗಿತ್ತು.

“ಆ ಚೀಲ ಒಳಗಿಡು,” ಎಂದಳು ಸೊಸೆಗೆ. ಟೇಬಲ್ಲಿನ ಮೇಲಿದ್ದ ಮೋಟನ್ನು ಎರಡು ಬೆರಳಲ್ಲಿ ಎತ್ತಿ, ಮೂಗಿಗೆ ಹಿಡಿದು, ಮುಖ ಕಿವುಚಿ ಮಗನ ಕೈಗಿಟ್ಟಳು.

“ನಿಂಗೆ ಯಾರೋ ಮೂಲೆಯಂಗಡಿ ಹುಲ್ಲಿಗೆ ಉಂಗುರ ಹಾಕಿ ಟೋಪಿ ಹಾಕಿದ್ದಾರೆ ಕಣೋ. ನಿಮ್ಮಪ್ಪ ಯಾವತ್ತೂ ನಂಗೆ ಇಂಥದ್ದು ಸೇದಿಸಿದವರಲ್ಲ.”