ಸರ್ಕಾರಿ ಅಂಚೆಯಲ್ಲಿ ಹೋದ ಗುಟ್ಟು

ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಏಳಕ್ಕೆ ಬಂತು. ದೇಶದ್ರೋಹ ಒಂಬತ್ತಕ್ಕೆ ಬಂತು, ಕಂಕುಳಲ್ಲಿ ಫೈಲು ಇಟ್ಟುಕೊಂಡು.

ಫೈಲು ತಂದವರು ಸ್ವದೇಶದ ರಾಯಭಾರ ಕಚೇರಿಯ ಅಧಿಕಾರಿ. ಆರು ವರ್ಷ ಎದುರಿನ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಈ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಬರೆದುಕೊಂಡವರು, ಇವತ್ತು ಮೊದಲ ಸಲ ಮೆಟ್ಟಿಲು ಹತ್ತಿದ್ದರು. ಒಳಗಿನ ಒಂದೇ ಒಳ್ಳೆಯ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬರು ಕೂತಿದ್ದರು: ದೇಶ ಬಿಟ್ಟವರ ಸಂಘದ ಅಧ್ಯಕ್ಷರು. ಇಬ್ಬರೂ ಪರಸ್ಪರ ತಲೆಯಾಡಿಸಿದರು. ಕದ್ದು ನೋಡಿದ್ದೇ ಆದರೂ ಆರು ವರ್ಷದ ಪರಿಚಯ ಪರಿಚಯವೇ.

"ನಿಮ್ಮ ದುಃಖ ಅರ್ಥ ಆಗುತ್ತಮ್ಮ. ಇಲ್ಲೊಂದು ಸಹಿ ಬೇಕಾಗಿತ್ತು," ಎಂದರು ಅಧಿಕಾರಿ.

"ನನಗೂ ಒಂದು. ನಾನು ಮೊದಲು ಬಂದವನು," ಎಂದರು ಅಧ್ಯಕ್ಷರು.

ಸತ್ತವನ ಹೆಂಡತಿ ಇಬ್ಬರಿಗೂ ನೀರು ಕೊಟ್ಟು ಗೋಡೆಗೆ ಒರಗಿ ನಿಂತಳು. ಅಳು ಬಂದಿರಲಿಲ್ಲ. ಬರಬೇಕಿತ್ತೆಂದು ಇಬ್ಬರ ಮುಖವೂ ಹೇಳುತ್ತಿತ್ತು.

ಸತ್ತ ಗಂಡ ಸ್ವದೇಶದ ಆರೋಗ್ಯ ಇಲಾಖೆಯ ಟಪಾಲು ಗುಮಾಸ್ತ. ಹನ್ನೊಂದು ಪಟ್ಟಣಗಳ ಕುಡಿಯುವ ನೀರಿನಲ್ಲಿ ಸೀಸ ಸೇರಿ ಮಕ್ಕಳು ಹಾಸಿಗೆ ಹಿಡಿದಿದ್ದರು. ಸರ್ಕಾರ ಮುಚ್ಚಿಟ್ಟಿದ್ದ ಆ ಪಟ್ಟಣಗಳ ಪಟ್ಟಿ ಒಂದು ದಿನ ಪತ್ರಿಕೆಯೊಂದಕ್ಕೆ ತಲುಪಿತು. ಹೇಗೆ ತಲುಪಿತೆಂಬುದೇ ದಂತಕಥೆ. ಸರ್ಕಾರಿ ಲಕೋಟೆ, ಸರ್ಕಾರಿ ಅಂಚೆಚೀಟಿ, ರವಾನೆ ಪುಸ್ತಕದಲ್ಲಿ ಕ್ರಮಸಂಖ್ಯೆ, ಅದರ ಮುಂದೆ ಅವನ ಚಿಕ್ಕ ಸಹಿ. ಸಂಘ ಅದನ್ನು ಎದೆಗಾರಿಕೆ ಎಂದಿತು. ಸರ್ಕಾರ ಕೊಬ್ಬು ಎಂದಿತು. ವಿಚಾರಣೆಯ ನೋಟಿಸು ಬಂದಾಗ ಅವನು ತಪ್ಪೊಪ್ಪಿಗೆ ಬರೆದು, ಅದನ್ನೂ ರವಾನೆ ಪುಸ್ತಕದಲ್ಲಿ ನಮೂದಿಸಿ, ಸಂಜೆಯ ರೈಲಿಗೆ ಹೆಂಡತಿಯೊಡನೆ ಗಡಿ ದಾಟಿದ. ಅಂದಿನಿಂದ ಲೋಕಕ್ಕೆ ಒಂದೇ ಪ್ರಶ್ನೆ: ಯಾಕೆ ಮಾಡಿದ? ಯಾರಿಗೋಸ್ಕರ?

ಅವಳಿಗೆ ಇದು ಹೊಸತಲ್ಲ. ಸಂಖ್ಯಾಶಾಸ್ತ್ರ ಓದಿ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಕೂತವಳು ನೆಲಮಹಡಿಯ ಗುಮಾಸ್ತನನ್ನು ಯಾಕೆ ಒಪ್ಪಿದಳು ಎಂದು ಬಂಧುಗಳು ಮದುವೆಯಲ್ಲೇ ಕೇಳಿದ್ದರು. ಇನ್ನೊಬ್ಬರ ಉದ್ದೇಶ ಕೆದಕುವುದಕ್ಕೆ ಜನರಿಗೆ ಸಂಬಳ ಕೊಡಬೇಕಾಗಿಲ್ಲ.

ಅಧಿಕಾರಿಯ ಕಾಗದದ ಪ್ರಕಾರ ಗಂಡ ವಿದೇಶಿ ಶಕ್ತಿಗಳ ಆಮಿಷಕ್ಕೆ ಬಿದ್ದ.

"ಈ ದೇಶದವರು ಅವರಿಗೆ ಏನು ಕೊಟ್ರು, ಅದನ್ನು ಮಾತ್ರ ನೀವು ತುಂಬಿ."

"ಇದನ್ನ," ಎಂದಳು.

ಅಧಿಕಾರಿ ಸುತ್ತ ನೋಡಿದರು. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆ. ವಿದೇಶಿ ಶಕ್ತಿಗಳ ಔದಾರ್ಯ ಕಿಟಕಿಯ ಗಾಜಿನವರೆಗೆ ಬಂದು ಮುಗಿದುಹೋಗಿತ್ತು. ಅಲ್ಲಿ ರಟ್ಟು ಅಂಟಿಸಿತ್ತು.

"ನಿಮ್ಮ ಮೇಲೆ ಯಾವ ಆರೋಪವೂ ಇಲ್ಲಮ್ಮ. ಸಹಿ ಹಾಕಿ, ವಾರದೊಳಗೆ ನಿಮ್ಮತ್ತೆ ಮನೇಲಿರ್ತೀರಿ."

ಅವಳು ಆ ಕಾಗದವನ್ನು ಸ್ವಲ್ಪ ಹೊತ್ತು ನೋಡಿದಳು. ಊರಿಗೆ ಹೋಗಬೇಕು ಎಂಬುದೊಂದೇ ಅವಳಲ್ಲಿ ಉಳಿದಿದ್ದ ಆಸೆ.

ಅಧ್ಯಕ್ಷರ ಕಾಗದದಲ್ಲಿ ಗಂಡ ಹುತಾತ್ಮ. ಪ್ರತಿಮೆಗೆ ಅಳತೆಯೂ ಕೊಟ್ಟಾಗಿತ್ತು. ಆದರೂ ಅವರು ಬಗ್ಗಿ ದನಿ ತಗ್ಗಿಸಿದರು. "ನಮ್ಮನಮ್ಮಲ್ಲಿ ಕೇಳ್ತೀನಿ ತಾಯಿ, ಅವನು ನಿಜವಾಗ್ಲೂ ನಮ್ಮವನಾ? ಒಂದ್ಸಲ ಮಕ್ಕಳಿಗೋಸ್ಕರ ಅಂದ, ಒಂದ್ಸಲ ಸಂವಿಧಾನ ಅಂದ. ಭಾಷಣಕ್ಕೆ ನಿಲ್ಲಿಸಿದ್ರೆ ಒಂಬತ್ತು ಪಟ್ಟಣ ಅಂದ."

"ಹನ್ನೊಂದು."

"ನೋಡಿ, ನಿಮಗೇ ನೆನಪಿದೆ. ಹುತಾತ್ಮರಿಗೆ ಚೀಟಿ ಬರೆದುಕೊಟ್ಟು ಕಳಿಸಬೇಕಿತ್ತು."

ಫೋನು ಬಡಿದುಕೊಂಡಿತು. ಅತ್ತೆ. ಅಧಿಕಾರಿ 'ಮಾತಾಡಿ' ಎಂದು ಕೈಸನ್ನೆ ಮಾಡಿದರು. ಈ ಮನೆಯ ಫೋನನ್ನು ಹೇಗೂ ಆಮೇಲೆ ಕದ್ದು ಕೇಳಿಸಿಕೊಳ್ಳುವವರು. ಇವತ್ತು ಆ ಶ್ರಮ ಉಳಿಯಿತು.

"ನಿನ್ನೆ ಎಲ್ಲಾ ಸರಿಯಾಗಿ ಆಯ್ತೇನೇ?"

"ಆಯ್ತು ಅತ್ತೆ."

"ಊಟ ಮಾಡಿದ್ಯಾ?"

"ಹೂಂ."

"ಸುಳ್ಳು ಹೇಳ್ತೀಯ. ಒಂದು ಕೇಳ್ತೀನಿ, ಬೈಬೇಡ. ನನ್ನ ಮಗ ತನ್ನನ್ನ ಮಾರಿಕೊಂಡ ಅಂತ ಗೋಡೆ ಮೇಲೆ ಬರೆದಿದ್ದಾರೆ. ಆರು ವರ್ಷದಿಂದ ಒರೆಸ್ತೀನಿ, ಮತ್ತೆ ಬರೀತಾರೆ. ಒರೆಸೋವಾಗ ನನಗೂ ಒಂದೊಂದ್ಸಲ ಅನುಮಾನ ಬರುತ್ತೆ ಕಣೇ. ನಾನು ಹೆತ್ತೋಳು. ನೀನಾದ್ರೂ ಹೇಳು, ಅವನು ಯಾರ ಕಡೆ ಇದ್ದ?"

ರಿಸೀವರಿನಿಂದ ಹೊರಗೂ ಕೇಳಿಸಿದ ಆ ಪ್ರಶ್ನೆಗೆ ಇಬ್ಬರು ಗಂಡಸರೂ ಕುರ್ಚಿಯ ತುದಿಗೆ ಜರುಗಿದರು.

"ಹೇಳ್ತೀನಿ ಅತ್ತೆ. ಫೋನು ಇಡಬೇಡಿ."

ಅವಳು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಪೆನ್ನಿಗೆ ಕೈಚಾಚಿದಳು. ಅಧಿಕಾರಿ ತಮ್ಮ ಕಾಗದ ಮುಂದೆ ತಳ್ಳಿದರು, ಅಧ್ಯಕ್ಷರು ತಮ್ಮದನ್ನು. ಅವಳು ಎರಡನ್ನೂ ಬಿಟ್ಟು ಫೈಲಿನ ತಳದಲ್ಲಿದ್ದ ಮೂರನೆಯದನ್ನು ಎಳೆದುಕೊಂಡಳು. ಹೊರನಾಡಿನಲ್ಲಿ ಸತ್ತವರ ಸ್ವತ್ತಿನ ನಮೂನೆ, ಯಾರೂ ತುಂಬದ ಕಾಗದ. ಅದರ ಕೊನೆಯ ಕಲಮು: 'ಮೃತರು ಎರವಲು ಪಡೆದಿದ್ದ ವಸ್ತು, ಅದರ ಮಾಲೀಕರು.'

"ಅದು ಬರೀ ರೂಢಿಗೆ ಇಟ್ಟಿರೋದಮ್ಮ, 'ಇಲ್ಲ' ಅಂತ ಬರೆದುಬಿಡಿ," ಎಂದರು ಅಧಿಕಾರಿ.

ಅವಳು ಬರೆದಳು. ಹೆಚ್ಚೇನೂ ಅಲ್ಲ, ನಾಲ್ಕೈದು ಸಾಲು. ಬರೆದು ಮುಗಿಸಿ, ಅತ್ತೆಗೆ ಕೇಳಿಸುವಂತೆ ರಿಸೀವರಿನ ಹತ್ತಿರ ಬಗ್ಗಿ, ಇನ್ನೆಂದೂ ಊರು ನೋಡಲಾಗದೆಂದು ಚೆನ್ನಾಗಿ ತಿಳಿದೇ, ಒಂದೊಂದೇ ಪದ ಬಿಡಿಸಿ ಓದಿದಳು:

"ಎರವಲು ಪಡೆದದ್ದು, ಒಂದು ಅಪರಾಧ. ಆ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಟಪಾಲು ತಟ್ಟೆಗೆ ಹಾಕಿದವಳು ನಾನು. ನನ್ನ ಗಂಡ ಒಳಗೇನಿದೆ ಎಂದು ತೆರೆದೂ ನೋಡದೆ ಅಂಚೆಚೀಟಿ ಹಚ್ಚಿದರು. ನೋಟಿಸು ಬಂದಾಗ ವಿಳಾಸದ ಅಕ್ಷರ ಯಾರದೆಂದು ನೆನಪಾಗಿ ತಪ್ಪನ್ನು ತಮ್ಮ ಹೆಸರಿಗೆ ಬರೆದುಕೊಂಡರು, ಆಮೇಲೆ ಆರು ವರ್ಷದಲ್ಲಿ ಒಮ್ಮೆಯೂ ನನ್ನನ್ನು 'ಯಾಕೆ' ಎಂದು ಕೇಳಲಿಲ್ಲ. ಮಾಲೀಕರಿಗೆ ಇಂದು ಹಿಂತಿರುಗಿಸಲಾಗಿದೆ."