ಮೊದಲ ಬಟ್ಟಲು

ಫೆಬ್ರವರಿ ಒಂಬತ್ತು, ಭಾನುವಾರ ಸಂಜೆ ಏಳೂ ಹತ್ತಕ್ಕೆ ಸೊಸೆ ಸ್ಲೋ ಕುಕ್ಕರಿನ ಮುಚ್ಚಳ ತೆಗೆದು, ಬೆಳಗಿನಿಂದ ಬೆಂದ ದನದ ಮಾಂಸ ಮತ್ತು ತರಕಾರಿಯ ಸೂಪನ್ನು ಮೊದಲು ಅತ್ತೆಗೇ ಬಡಿಸಿದಳು. ಅತ್ತೆ ಚಮಚ ಹಿಡಿದು, ಎದುರಿಗೆ ಕೂತಿದ್ದ ಮಗನ ಕಡೆ ನೋಡಿದಳು. ಜ್ವರ ಬಂದುಹೋದಾಗಿನಿಂದ ಅವಳ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಉಣ್ಣುವ ಮಗನ ಮುಖ ನೋಡಿ ನೋಡಿಯೇ ಉಪ್ಪು-ಖಾರ ಅಂದಾಜು ಮಾಡಿ, ಯಾರಿಗೂ ತಿಳಿಯದಂತೆ ಅಡುಗೆಮನೆಯ ಯಜಮಾನಿಕೆ ಉಳಿಸಿಕೊಂಡಿದ್ದಳು.

"ಉಪ್ಪು ನೋಡಿ ಹೇಳಿ ಅತ್ತೆ. ನಿಮ್ಮ ಕೈಯಲ್ಲಿ ಪಳಗಿದವಳು ನಾನು."

ಮಗನ ಬಟ್ಟಲು ಇನ್ನೂ ಖಾಲಿ. ಅತ್ತೆ ಎರಡು ಚಮಚ ಕುಡಿದು ತಲೆದೂಗಿದಳು. "ಹದವಾಗಿದೆ ಕಣೇ. ಒಂದು ಚಿಟಿಕೆ ಕಡಿಮೆ ಆಯ್ತೇನೋ, ಅಷ್ಟೇ."

ಸೊಸೆ ಆಗ ಗಂಡನಿಗೆ ಬಡಿಸಿದಳು. ಅವನು ಬಾಯಿಗಿಟ್ಟವನೇ ಥೂ ಎಂದು ಉಗುಳಿದ. "ಅಮ್ಮಾ, ಇದನ್ನ ಹೇಗೆ ಕುಡಿದೆ?"

"ನಾಳೆಯಿಂದ ಅಡುಗೆಮನೆ ನಾನು ನೋಡ್ಕೋತೀನಿ. ನೀವು ಆರಾಮಾಗಿ ಕೂತಿರಿ ಅತ್ತೆ," ಎಂದಳು ಸೊಸೆ. ಎರಡು ಲೀಟರ್ ಸೂಪಿಗೆ ಅವಳು ತೂಗಿ ಹಾಕಿದ್ದ ಉಪ್ಪು ನೂರ ಹತ್ತು ಗ್ರಾಂ.